ಅವಸರವಿಲ್ಲ ಎಂದವರ ಸರದಿ

ಅವತ್ತು ಬೆಳಿಗ್ಗೆ ಡ್ರೈವರ್ ಸಿದ್ದರಾಜು ಸಂಘದ ಆಫೀಸಿಗೆ ಬಂದದ್ದು ಯಂತ್ರದ ಬೆಲ್ಟು ಹರಿದದ್ದರಿಂದ. ಹರಿಯದೆ ಇದ್ದಿದ್ದರೆ ಅವನು ಗುರುಪುರದ ಕೆಲಸ ಮುಗಿಸಿ, ರಾಗಿ ಕೊಯ್ಯುವ ಯಂತ್ರವನ್ನು ನೆಟ್ಟಗೆ ಕಟ್ಟೆಮಳಲವಾಡಿ ಕಡೆಗೆ ತಿರುಗಿಸಿಬಿಡುತ್ತಿದ್ದ. ಚೆನ್ನಿಯ ಹೊಲದ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಹೊನ್ನೇರು ರೈತ ಸಂಘದ ಶೆಡ್ಡು ಹುಣಸೂರಿನ ಹೊರಗಡೆ ಇತ್ತು. ಟ್ರ್ಯಾಕ್ಟರು, ರೋಟವೇಟರು, ರಾಗಿ ಕೊಯ್ಯುವ ಯಂತ್ರ, ಇವನ್ನೆಲ್ಲ ಸದಸ್ಯರಿಗೆ ಸರದಿಯ ಮೇಲೆ ಬಾಡಿಗೆಗೆ ಕೊಡುವುದು ಸಂಘದ ಕೆಲಸ. ಶೆಡ್ಡಿನ ಮುಂದುಗಡೆ ತಗಡಿನ ಬಾಗಿಲ ಕೋಣೆಯೇ ಆಫೀಸು. ಅದರ ಜವಾಬ್ದಾರಿ ಶಾಂಭವಿಯದು. ಅವಳು ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದವಳು, ಬಿ.ಕಾಂ. ಓದಿದವಳು. ಹೊಲದ ಕೆಲಸವೂ ಬಲ್ಲಳು, ಕಂಪ್ಯೂಟರಿನದೂ ಬಲ್ಲಳು. ಆದ್ದರಿಂದ ರೈತರೂ ಕಂಪ್ಯೂಟರಿನವರೂ ಎಲ್ಲದಕ್ಕೂ ಅವಳನ್ನೇ ಹಿಡಿಯುತ್ತಿದ್ದರು.

ಸಿದ್ದರಾಜು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಬಾಗಿಲಲ್ಲೇ ನಿಂತ.

"ಅಕ್ಕ, ಒಂದ್ ಮಾತ್ ಕೇಳ್ತೀನಿ. ಬೇಜಾರ್ ಮಾಡ್ಕೋಬ್ಯಾಡಿ."

"ಬೆಲ್ಟಿನ ವಿಚಾರ ಆದ್ರೆ ಬೇಜಾರು ಆಗ್ಲೇ ಆಗಿದೆ ಕಣಪ್ಪ."

"ಬೆಲ್ಟ್ ಮನೆ ಹಾಳಾಗ್ಲಿ. ವೀರನಹೊಸಹಳ್ಳಿ ಹತ್ರದ ಹಾಡಿಲಿ ಚೆನ್ನಿ ಅಂತ ಅವ್ಳಲ್ಲ, ಜೋಗಯ್ಯನ ಹೆಂಡ್ತಿ, ಅವಳ ಹೊಲಕ್ಕೆ ನನ್ನ ಯಾವಾಗ ಕಳಿಸ್ತೀರಿ? ಆ ಕಡೆ ಹೋದಾಗೆಲ್ಲ ನೋಡ್ತೀನಿ. ಸುತ್ತ ಎಲ್ಲಾರ್ದೂ ಕುಯ್ದು ಬೋಳಾಗ್ಯದೆ. ಅದೊಂದ್ ಹೊಲ ನಡುವೆ ತಲೆಕೂದ್ಲ ಬುಟ್ಟಂಗೆ ನಿಂತದೆ. ಕಾಡಿನ ಅಂಚು ಬೇರೆ. ಆನೆಗೆ ಎಲೆ ಹಾಕಿ ಬಡಿಸಿಟ್ಟಂಗೆ."

ಶಾಂಭವಿ ಕಂಪ್ಯೂಟರಿನಲ್ಲಿ ಚೆನ್ನಿಯ ಹೆಸರು ತೆಗೆದಳು. ಕಾಡಂಚಿನ ಆ ಗಿರಿಜನರ ಹಾಡಿಯಲ್ಲಿ ಯಂತ್ರ ಬೇಕೆಂದು ಎಲ್ಲರಿಗಿಂತ ಮೊದಲು ಹೇಳಿದವಳೇ ಚೆನ್ನಿ. ಈಗ ಅವಳ ಹೆಸರು ಪಟ್ಟಿಯ ತೀರ ಕೆಳಗೆ ಇತ್ತು. ಪಕ್ಕದಲ್ಲಿ ಒಂದೇ ಷರಾ ಮತ್ತೆ ಮತ್ತೆ ಬಂದಿತ್ತು: ರೈತರ ಕೋರಿಕೆಯಂತೆ ಸರದಿ ಮುಂದೂಡಲಾಗಿದೆ.

"ಅವಳೇ ಮುಂದಕ್ಕೆ ಹಾಕಿಸ್ಕೊಂಡಿದ್ದಾಳಲ್ಲೋ," ಅಂದಳು ಶಾಂಭವಿ.

"ಅವಳ್ಯಾಕೆ ಹಾಕಿಸ್ಕೋತಾಳಕ್ಕ? ಹುಚ್ಚಾ ಅವಳಿಗೆ? ಗಂಡ ಕೊಡಗಿಗೆ ಕಾಫಿ ಕುಯ್ಯಕ್ ಹೋಗವ್ನೆ. ಅತ್ತೆ ಮುದುಕಿ ಕಟ್ಕೊಂಡು ಅಟ್ಟಣೆ ಮೇಲೆ ಕೂತು ಆನೆ ಓಡ್ಸಕ್ಕೆ ತಗಡು ಬಡೀತಾವ್ಳೆ." ಅವನು ಗೋಡೆಯ ಮೇಲೆ ನೇತುಹಾಕಿದ್ದ ಸಂಘದ ಫೋನಿನ ಕಡೆ ಗದ್ದ ಎತ್ತಿದ. "ನಿಮ್ಮ ಯಂತ್ರದಕ್ಕನ್ನೇ ಕೇಳಿ."

ಯಂತ್ರದಕ್ಕ ಎಂದು ಹೆಸರಿಟ್ಟವನು ಅವನೇ. ಹಿಂದಿನ ವರ್ಷದ ಸುಗ್ಗಿಯಲ್ಲಿ ಫೋನು ಎಷ್ಟು ಬಡಿದುಕೊಂಡಿತ್ತೆಂದರೆ ಶಾಂಭವಿ ಊಟದ ಡಬ್ಬಿ ತೆಗೆದದ್ದೇ ಇಲ್ಲ. ಈ ವರ್ಷ ಮೈಸೂರಿನ ಸುಕನ್ಯ ಎಂಬ ಹುಡುಗಿ ಸಂಘಕ್ಕೆ ಒಂದು ಎಐ ಏಜೆಂಟ್ ಮಾಡಿಕೊಟ್ಟಿದ್ದಳು. ರೈತರು ಫೋನು ಮಾಡಿದರೆ ಅದು ಕನ್ನಡದಲ್ಲೇ ಮಾತಾಡುತ್ತಿತ್ತು. ಸರದಿ ಹೇಳುತ್ತಿತ್ತು, ಹೆಸರು ಬರೆದುಕೊಳ್ಳುತ್ತಿತ್ತು, ಯಂತ್ರ ಊರಿಗೆ ಬರುವ ಮುಂಚೆ ತಾನೇ ಕರೆ ಮಾಡಿ ವಿಚಾರಿಸುತ್ತಿತ್ತು. ದನಿ ಹೆಂಗಸಿನದು, ಸಮಾಧಾನದ್ದು. ಜನ ಅದನ್ನು ಅವಳು, ಇವಳು ಎಂದೇ ಮಾತಾಡಿಸಿದರು. ಕೆಲವರು ಮಕ್ಕಳ ಮದುವೆಗೂ ಕರೆದರು.

ಸುಕನ್ಯ ಅದನ್ನು ತಂದ ದಿನ ಶಾಂಭವಿಗೆ ಬಿಡಿಸಿ ಹೇಳಿದ್ದಳು. "ಮೇಡಂ, ನಿಮ್ಮ ಬುಕಿಂಗ್ ಸಾಫ್ಟ್‌ವೇರಿಗೆ ಒಂದಷ್ಟು ಬಾಗಿಲುಗಳಿವೆ. ನಾವು ಎಪಿಐ ಅಂತೀವಿ. ಒಂದು ಬಾಗಿಲು ತಟ್ಟಿದ್ರೆ ಸರದಿ ತಿಳಿಯುತ್ತೆ, ಇನ್ನೊಂದು ತಟ್ಟಿದ್ರೆ ಹೆಸರು ಸೇರುತ್ತೆ, ಮತ್ತೊಂದು ತಟ್ಟಿದ್ರೆ ಸರದಿ ಹಿಂದಕ್ಕೆ ಹೋಗುತ್ತೆ. ಒಂದೊಂದು ಬಾಗಿಲಿಗೂ ಒಂದೊಂದು ಟೂಲು. ಯಾವಾಗ ಯಾವುದನ್ನ ತಟ್ಟಬೇಕು ಅನ್ನೋದು ಇದಕ್ಕೆ ಹುಟ್ಟಿನಿಂದ ಗೊತ್ತಿರಲ್ಲ. ಟೂಲಿನ ಜೊತೆ ನಾವು ಬರೆದಿಡೋ ವಿವರಣೆ ಓದಿ ತೀರ್ಮಾನ ಮಾಡುತ್ತೆ. ನನಗೆ ರಾಗಿನೂ ಗೊತ್ತಿಲ್ಲ, ನಿಮ್ಮ ಊರಿನ ಜನಾನೂ ಗೊತ್ತಿಲ್ಲ. ವಿವರಣೆ ನೀವೇ ಬರೀರಿ. ಹೊಸದಾಗಿ ಕೆಲಸಕ್ಕೆ ಬಂದ, ಏನೂ ಗೊತ್ತಿಲ್ಲದೆ ಇರೋ ಒಬ್ಬರಿಗೆ ಹೇಳಿಕೊಡೋ ಹಾಗೆ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಎರಡೂ."

ಶಾಂಭವಿ ಬರೆದಿದ್ದಳು. ಒಂದು ಕೈಲಿ ಬಿತ್ತನೆ ಬೀಜದ ಲಾರಿ ಇಳಿಸಿಕೊಳ್ಳುತ್ತ, ಇನ್ನೊಂದು ಕೈಲಿ ಬರೆದಿದ್ದಳು. ಒಂದೊಂದಕ್ಕೆ ಒಂದೊಂದೇ ಸಾಲು. ಚೊಕ್ಕವಾಗಿದೆ ಎಂದು ಆವತ್ತು ಅವಳಿಗೇ ಮೆಚ್ಚಿಕೆಯಾಗಿತ್ತು.

ಈಗ ಅವಳು ಚೆನ್ನಿಗೆ ತಾನೇ ಫೋನು ಮಾಡಿದಳು.

"ಚೆನ್ನಕ್ಕ, ಸಂಘದಿಂದ ಶಾಂಭವಿ."

"ಯಂತ್ರದಕ್ಕನಾ?"

"ಅಲ್ಲ ಕಣಕ್ಕ, ಶಾಂಭವಿ. ಮನುಷ್ಯಳು."

"ಓ, ನೀವಾ! ಚೆಂದಾಗಿದ್ದೀರಾ ಅವ್ವ?"

"ಚೆನ್ನಾಗಿದೀನಿ. ಮಿಷನ್ ವಿಚಾರಕ್ಕೆ ಮಾಡ್ದೆ. ನಿಮಗೆ ಅವಸರ ಇದೆಯಾ ಅಂತ…"

ಆ ಕಡೆಯಿಂದ ಉತ್ತರ ತಡೆಯದೆ ಬಂತು. ಎಷ್ಟೋ ವರ್ಷಗಳಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಹಾಗೆ ಬಂತು. "ಅಯ್ಯೋ, ಅವಸ್ರ ಏನಿಲ್ಲ ಕಣವ್ವ. ಬ್ಯಾರೆಯೋರ್ದು ಮುಗುಸ್ಕೊಂಡು ನಿಧಾನಕ್ ಬರ್ಲಿ."

ಶಾಂಭವಿ ಸಿದ್ದರಾಜುವಿನ ಮುಖ ನೋಡಿದಳು. ನೋಡಿದೆಯಾ, ಅವಳೇ ಹೇಳುತ್ತಿದ್ದಾಳೆ ಎನ್ನುವ ಹಾಗೆ ಹುಬ್ಬು ಏರಿಸಿದಳು. ಇನ್ನೇನು ಫೋನು ಇಡಬೇಕು. ಹಾಗೆ ಇಡುವುದು ಒರಟಾಗುತ್ತದೆಂದು, ಬರೀ ಮಾತು ಮುಗಿಸುವುದಕ್ಕೆ ಅಂತ ಕೇಳಿದಳು: "ರಾಗಿ ಹೆಂಗಿದೆ ಚೆನ್ನಕ್ಕ?"

"ರಾಗಿನಾ?" ಚೆನ್ನಿಯ ದನಿ ಬೇರೆಯೇ ಆಯಿತು. "ಏನ್ ಏಳ್ಲವ್ವ. ತೆನೆ ಬಗ್ಗಿ ಬಗ್ಗಿ ನೆಲಕ್ಕೆ ಮುತ್ತಿಕ್ತಾ ಅದೆ. ಮುಟ್ಟುದ್ರೆ ಉದುರ್ತದೆ. ಮೊನ್ನೆ ರಾತ್ರಿ ಟ್ರೆಂಚ್ ದಾಟ್ಕೊಂಡು ಆನೆ ಬಂದು ಕೆಳಗಡೆ ಮೂಲೆ ಎಲ್ಲಾ ತುಳ್ದಾಕ್ತು. ನಾನು, ನಮ್ಮತ್ತೆ ಕೂಗಿ ಕೂಗಿ ಗಂಟ್ಲು ಒಡ್ದೋಗದೆ. ನಿನ್ನೆ ಟಿವೀಲಿ ಮಳೆ ಅಂದ್ರಂತೆ. ಮಳೆ ಬಂದ್ರೆ ನಿಂತಲ್ಲೇ ಮೊಳ್ಕೆ ಬತ್ತದೆ. ಕುಡ್ಲು ಇಡ್ಯಕ್ಕೆ ಅಟ್ಟೀಲಿ ಆಳೇ ಇಲ್ಲ, ಎಲ್ಲಾ ಕೊಡಗಲ್ಲವ್ರೆ…" ಅಲ್ಲಿಗೆ ಅವಳಿಗೆ ತಾನು ಹೆಚ್ಚು ಹೇಳಿಬಿಟ್ಟೆ ಎನ್ನಿಸಿತೋ ಏನೋ. "ಇರ್ಲಿ ಬುಡವ್ವ. ನೀವು ಬಂದಾಗ ಬನ್ನಿ. ಅವಸ್ರ ಏನಿಲ್ಲ."

ಶಾಂಭವಿ ಫೋನಿಟ್ಟಳು. ಆಮೇಲೆ ಯಂತ್ರದಕ್ಕ ಚೆನ್ನಿಯೊಂದಿಗೆ ಆಡಿದ ಮಾತುಗಳ ರೆಕಾರ್ಡು ಹಾಕಿದಳು. ಮೊದಲ ಕರೆಯೇ ಸಾಕಾಗಿತ್ತು.

"ನಮಸ್ಕಾರ ಚೆನ್ನಿಯವರೇ. ಯಂತ್ರ ನಿಮ್ಮ ಊರಿನ ಕಡೆ ಬರುತ್ತಿದೆ. ನಿಮಗೆ ಅವಸರ ಇದೆಯೇ?"

"ಅವಸ್ರ ಏನಿಲ್ಲ ಕಣವ್ವ. ನಿಧಾನಕ್ ಬರ್ಲಿ."

"ಆಗಲಿ, ಹಾಗೆಯೇ ಮಾಡುತ್ತೇನೆ. ಧನ್ಯವಾದ."

"ನಿನ್ ಒಟ್ಟೆ ತಣ್ಣಗಿರ್ಲಿ."

ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದಲೇ ಮಾತಾಡಿದ್ದರು. ಆ ಕಡೆಯವಳು ಆಶೀರ್ವಾದ ಮಾಡುತ್ತಿದ್ದಾಳೆ, ಈ ಕಡೆಯವಳು ಅವಳನ್ನು ಸಾಲಿನ ಹಿಂದಕ್ಕೆ ನಿಲ್ಲಿಸುತ್ತಿದ್ದಾಳೆ. ಮುಂದಿನ ಕರೆಯೂ ಹಾಗೆಯೇ. ಅದರ ಮುಂದಿನದೂ.

"ಹಾಗೆಯೇ ಮಾಡ್ತೀನಿ ಅಂತ ಅದು ಹೇಳೇ ಮಾಡ್ಯದೆ," ಅಂದ ಸಿದ್ದರಾಜು. "ನಮ್ಮೋರ್ ಹಂಗೆ ಹೇಳದೊಂದು ಮಾಡದೊಂದಲ್ಲ. ಅದೇ ಬಂದಿರೋದು ಕಷ್ಟ."

ಶಾಂಭವಿ ಸುಕನ್ಯಳಿಗೆ ಫೋನು ಹಚ್ಚಿದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು. "ನಿಮ್ಮ ಏಜೆಂಟು ತಪ್ಪು ಮಾಡಿದೆ ಕಣ್ರೀ."

ಸುಕನ್ಯ ಎಲ್ಲ ಕೇಳಿಸಿಕೊಂಡಳು. ಆ ಕಡೆ ಕೀಲಿಮಣೆಯ ಸದ್ದು. ಆಮೇಲೆ ಮೆಲ್ಲಗೆ ಓದಿದಳು: "ಸರದಿ ಮುಂದೂಡು. ತಮಗೆ ಅವಸರವಿಲ್ಲವೆಂದು ರೈತರು ಹೇಳಿದಾಗ ಅವರ ಸರದಿಯನ್ನು ಹಿಂದಕ್ಕೆ ಹಾಕಲು ಇದನ್ನು ಬಳಸುವುದು." ಓದಿ ಮುಗಿಸಿ ಹೇಳಿದಳು, "ಮೇಡಂ, ಅದು ನಾವು ಹೇಳಿದ್ದನ್ನೇ ಮಾಡಿದೆ. ಯಾವಾಗ ಬಳಸಬಾರದು ಅನ್ನೋ ಸಾಲು ಇಲ್ಲಿ ಇಲ್ಲವೇ ಇಲ್ಲ. ಅವಸರ ಅನ್ನೋ ಪದ ವಿವರಣೇಲಿ ಇರೋದ್ರಿಂದ ಅದನ್ನೇ ಹಿಡಿದು ಎಲ್ಲರನ್ನೂ ಕೇಳ್ತಾ ಇದೆ."

ಶಾಂಭವಿ ಆ ಸಾಲನ್ನು ತನ್ನ ಕಂಪ್ಯೂಟರಿನಲ್ಲೂ ತೆಗೆದು ಓದಿಕೊಂಡಳು.

"ನಾನೂ ಓದಿ ಸರಿ ಅಂದಿದ್ದೆ ಮೇಡಂ," ಅಂದಳು ಸುಕನ್ಯ. "ನಮ್ಮನೇಲಿ ಅವಸರ ಇಲ್ಲ ಅಂದ್ರೆ ನಿಜವಾಗ್ಲೂ ಇಲ್ಲ ಅಂತಲೇ. ನನಗೆ ಹೊಳೀಲೇ ಇಲ್ಲ."

ಆದರೆ ಶಾಂಭವಿಗೆ ಹೊಳೆಯಬೇಕಿತ್ತು. ಅವಳು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ, ಬಾಳುತ್ತಿರುವುದು ಇಲ್ಲಿ. ಎರಡು ಕಡೆಯೂ ಮನೆಗೆ ಬಂದವರು ಕಾಫಿ ಬೇಡ ಎನ್ನದೆ ಕುಡಿದದ್ದನ್ನು ಅವಳು ಕಂಡಿಲ್ಲ. ಅವಳ ಅತ್ತೆ ಮಂಗಳಗೌರಿ ಆಸ್ಪತ್ರೆಯಲ್ಲಿ ನೋವಿನಿಂದ ಮುಲುಗುತ್ತಿದ್ದಾಗಲೂ ಪಕ್ಕದ ಮಂಚದವಳನ್ನು ತೋರಿಸಿ "ಮೊದ್ಲು ಅವರನ್ನ ನೋಡಿ ಡಾಕ್ಟ್ರೇ" ಅಂದಿದ್ದರು. ಡಾಕ್ಟರು ಆ ಮಾತು ಹಿಡಿದು ಹೋಗಿಬಿಟ್ಟಿದ್ದರೆ? ಹೋಗಲಿಲ್ಲ, ಹೊಟ್ಟೆ ಮುಟ್ಟಿ ನೋಡಿದರು.

ಸುಳಿವು ಸಿಕ್ಕಿಯೂ ಇತ್ತು. ಸುಗ್ಗಿಯ ಶುರುವಿಗೆ ಸಂಘದ ಅಧ್ಯಕ್ಷರಾದ ಶಿವನಂಜಪ್ಪನವರು ದೊಣ್ಣೆ ಊರಿಕೊಂಡು ಇದೇ ಕೋಣೆಗೆ ಬಂದಿದ್ದರು. "ಏನವ್ವ ಶಾಂಭವಿ, ನಿನ್ನ ಯಂತ್ರದಕ್ಕ ನನ್ನೇ ಹಿಂದಕ್ಕೆ ತಳ್ಳವ್ಳಲ್ಲ! ಮಾತಿಗೆ ನಂದೇನ್ ಅವಸರ ಅಂದ್ರೆ, ಸರಿ ಕೂತ್ಕೋ ಅನ್ನದಾ?" ಎಂದಿದ್ದರು. ಅಲ್ಲಿದ್ದವರೆಲ್ಲ ನಕ್ಕಿದ್ದರು. ಶಾಂಭವಿಯೂ ನಕ್ಕು, ಅವರ ಹೆಸರನ್ನು ತಾನೇ ಮೇಲಕ್ಕೆ ಎತ್ತಿಟ್ಟಿದ್ದಳು. ಹೆಸರನ್ನು ಸರಿ ಮಾಡಿದಳೇ ಹೊರತು ಆ ಸಾಲನ್ನು ಮುಟ್ಟಲಿಲ್ಲ. ದೊಣ್ಣೆ ಊರಿಕೊಂಡು ಆಫೀಸಿಗೆ ಬರಲಾರದವರು ಎಷ್ಟು ಜನ ಎಂದು ಅವತ್ತು ಯೋಚಿಸಲಿಲ್ಲ.

"ಆ ಟೂಲನ್ನ ಈಗಿಂದೀಗ್ಲೇ ಮುಚ್ಚಿಬಿಡಿ ಸುಕನ್ಯ. ಹೊಸ ವಿವರಣೆ ನಾನು ಬರೆದುಕೊಡೋವರೆಗೂ ಅದು ಯಾರ ಸರದೀನೂ ಮುಟ್ಟಬಾರದು."

ಆಮೇಲೆ ಅವಳು ಹೀಗೆ ಹಿಂದಕ್ಕೆ ಬಿದ್ದ ಬೇರೆಯವರನ್ನೂ ಹುಡುಕಿದಳು. ಇದ್ದರು. ಹೆಚ್ಚಿನವರು ಹಾಡಿಯವರು, ಒಂಟಿ ಹೆಂಗಸರು, ಬೇರೆಯವರ ಹಿಂದೆ ನಿಂತು ರೂಢಿಯಾದವರು. ಸಣ್ಣಬೀರಯ್ಯ ಎಂಬವನು ಕಾದೂ ಕಾದೂ ಸಾಕಾಗಿ ಕುಡುಗೋಲಿನಲ್ಲೇ ಕೊಯ್ದುಕೊಂಡಿದ್ದ. ಕೇಳಿದರೆ "ಪರ್ವಾಗಿಲ್ಲ ಬುಡಿ, ಮೈಗ್ ಒಳ್ಳೇದಾಯ್ತು" ಅಂದ. ಇನ್ನುಳಿದವರ ರಾಗಿ ಇನ್ನೂ ಹಸಿರು, ಒಂದು ಮಳೆ ತಡೆದುಕೊಳ್ಳುತ್ತಿತ್ತು. ತಡೆಯಲಾರದ್ದು ಚೆನ್ನಿಯದು. ಮಳೆ ನಾಳೆ ಸಂಜೆಯೊಳಗೆ ಎಂದು ಫೋನಿನ ಹವಾಮಾನ ವರದಿ ಹೇಳುತ್ತಿತ್ತು.

"ನಾಳೆ ಬೆಳಿಗ್ಗೆ ಹಾಡಿಗೆ ಹೋದ್ರೆ ಆಗುತ್ತೇನೋ ಸಿದ್ದರಾಜು?"

"ಆಗ್ತದೆ. ಬೆಲ್ಟ್ ಇವತ್ತೇ ಹಾಕಿಸ್ಬುಡ್ತೀನಿ. ಆದ್ರೆ ನಾಳೆ ಯಾರ್ದು ಅಂತ ಗೊತ್ತಲ್ಲ?" ಅಂದು ಅವನು ಹಲ್ಲು ಕಿರಿದ.

ಗೊತ್ತಿತ್ತು. ನಾಳೆ ಶಿವನಂಜಪ್ಪನವರ ಹೊಲ. ಕಟ್ಟೆಮಳಲವಾಡಿಗೂ ಹಾಡಿಗೂ ಒಂದೇ ದಿನ ಆಗುವ ಮಾತಲ್ಲ. ಅವಳನ್ನು ಕೆಲಸಕ್ಕೆ ಇಟ್ಟುಕೊಂಡವರು ಅವರು. ಸೊಸೆಯರು ಮನೆಯಲ್ಲಿರಲಿ ಎಂದು ಊರಿನವರು ಗೊಣಗಿದಾಗ ಎದುರು ನಿಂತು ಮಾತಾಡಿದವರೂ ಅವರೇ. ಕಂಪ್ಯೂಟರಿನಲ್ಲಿ ಎರಡು ಹೆಸರನ್ನು ಅದಲುಬದಲು ಮಾಡುವುದು ಬೆರಳಿನ ಕೆಲಸ. ಆದರೆ ಅವರಿಗೆ ಹೇಳದೆ ಮಾಡುವುದು, ಯಂತ್ರದಕ್ಕ ಚೆನ್ನಿಗೆ ಮಾಡಿದ್ದೇ ಆಗುತ್ತದೆ. ಹೇಳಿ ಕೇಳಿಕೊಂಡರೆ? ಅವರು ಒಳ್ಳೆಯವರು. ಒಳ್ಳೆಯವರಿಗೂ ರಾಗಿ ಎಂದರೆ ರಾಗಿಯೇ.

ಅವರಿಗೆ ಫೋನು ಮಾಡಿದಾಗ ಏನು ಹೇಳಬೇಕು ಎಂದು ಅವಳು ಪೂರ್ತಿ ಗೊತ್ತುಮಾಡಿಕೊಂಡಿರಲಿಲ್ಲ.

"ಅಪ್ಪಾಜಿ, ನಾಳೆ ಮಿಷನ್ನು ನಿಮ್ಮ ಹೊಲಕ್ಕೆ. ನಿಮಗೆ ಅವಸರ ಇದೆಯಾ ಅಂತ ಕೇಳೋಣ ಅಂತ ಮಾಡ್ದೆ."

"ನಂದೇನವ್ವ ಅವಸರ!" ಶಿವನಂಜಪ್ಪನವರ ದನಿ ಎಂದಿನ ಹಾಗೆ ತುಂಬಿಕೊಂಡು ಬಂತು. ಪಕ್ಕದಲ್ಲಿ ಯಾರೋ ನಾಲ್ಕು ಜನ ಕೂತಿರಬೇಕು. "ಅಧ್ಯಕ್ಷ ಅನ್ನಿಸ್ಕೊಂಡ್ ಮೇಲೆ ಮೊದ್ಲು ಬಡಬಗ್ಗರ್ದು ಆಗ್ಬೇಕು, ಆಮೇಲೆ ನಂದು. ನಿಧಾನಕ್ ಕಳ್ಸು."

ಶಾಂಭವಿ ಕಣ್ಣು ಮುಚ್ಚಿಕೊಂಡಳು. "ಹಂಗಾದ್ರೆ ನಾಳೆ ಹಾಡಿ ಚೆನ್ನಿ ಹೊಲಕ್ಕೆ ಕಳಿಸ್ತೀನಿ ಅಪ್ಪಾಜಿ. ದೊಡ್ಡ ಉಪಕಾರ ಆಯ್ತು."

ಆ ಕಡೆ ಒಂದು ಕರು ಅರಚಿದ್ದು ಕೇಳಿಸಿತು. ಅವರು ಜಗುಲಿಯಿಂದ ಎದ್ದು ಈಚೆಗೆ ಬಂದರೆಂದು ಉಸಿರಿನಿಂದ ಗೊತ್ತಾಯಿತು.

"ಲೇ ಶಾಂಭವಿ. ಮಳೆ ಅಂತಾವ್ರಲ್ಲವ್ವ."

"ಅದಕ್ಕೇ ಅಪ್ಪಾಜಿ."

"ನಾನ್ ಮಾತಿಗ್ ಅಂದೆ ಕಣೇ!"

"ಚೆನ್ನಿನೂ ಮಾತಿಗೇ ಅಂದಿದ್ದು ಅಪ್ಪಾಜಿ. ಯಂತ್ರದಕ್ಕ ಕೇಳಿದಾಗೆಲ್ಲ ನಿಮ್ಮ ಹಂಗೇ ಅವಸರ ಇಲ್ಲ ಅಂದಿದ್ದಾಳೆ. ಅದು ಅವಳನ್ನ ಹಿಂದಕ್ಕೆ ಹಿಂದಕ್ಕೆ ಹಾಕಿ ಕೊನೆಗೆ ತಂದು ನಿಲ್ಲಿಸಿದೆ. ಬಂದು ಕೇಳೋಕೆ ಅವಳಿಗೆ ನಿಮ್ಮ ಹಂಗೆ ದೊಣ್ಣೆ ಇಲ್ಲ. ಬರೆದಿಟ್ಟೋಳು ನಾನು, ತಪ್ಪು ನಂದು. ನೀವು ಬೇಡ ಅಂದ್ರೆ ಮಿಷನ್ನು ನಿಮ್ಮ ಹೊಲಕ್ಕೇ ಬರುತ್ತೆ. ಈ ಸಲ ನಿಜವಾಗಿ ಕೇಳ್ತಿದೀನಿ, ನಿಜವಾಗಿ ಹೇಳಿ."

ಶಿವನಂಜಪ್ಪನವರು ಬೈಯುತ್ತಾರೆಂದು ಅವಳು ಕಾದಳು.

"ಜಗುಲೀಲಿ ನಾಲ್ಕ್ ಜನದ ಮುಂದೆ ಬಡಬಗ್ಗರ್ದು ಅಂತ ಬೇರೆ ಅಂದ್ಬುಟ್ಟೆ," ಅಂದರು ಕೊನೆಗೆ. "ನುಂಗದೆಂಗೆ ಈಗ? ಹೋಗ್ಲಿ. ನನಗೆ ಆಳು ಸಿಗ್ತಾವೆ, ಕುಡ್ಲು ಅವೆ. ಆದಷ್ಟು ಕುಯ್ಸಿ ಮೆದೆ ಹಾಕ್ಸಿ ಟಾರ್ಪಾಲ್ ಮುಚ್ತೀನಿ. ನೀನು ಅವಳ್ದು ನೋಡು." ಆಮೇಲೆ ದನಿ ತಗ್ಗಿಸಿ ಅಂದರು, "ನಿಮ್ಮತ್ತೆ ನಿನಗೆ ಚೆನ್ನಾಗ್ ಕಲ್ಸವ್ಳೆ ಕಣೇ. ಇನ್ನೊಂದ್ಸಲ ನನ್ ಬಾಯಲ್ಲೇ ನನ್ನ ಕಟ್ಟಾಕಿದ್ರೆ ನೋಡು ಮತ್ತೆ."

ಮಾರನೇ ದಿನ ಇಬ್ಬನಿ ಆರುತ್ತಿದ್ದ ಹಾಗೆ ಸಿದ್ದರಾಜು ಯಂತ್ರವನ್ನು ಚೆನ್ನಿಯ ಹೊಲಕ್ಕೆ ಇಳಿಸಿದ. ಶಾಂಭವಿ ಸ್ಕೂಟರಿನಲ್ಲಿ ಹಿಂದೆಯೇ ಬಂದಿದ್ದಳು. ಅವನು ಹೇಳಿದ್ದು ನಿಜವಾಗಿತ್ತು. ಸುತ್ತ ಕೊಯ್ದುಳಿದ ಕೂಳೆ, ಆ ಕೂಳೆಯ ನಡುವೆ ಕಂದು ಬಣ್ಣಕ್ಕೆ ತಿರುಗಿದ ಒಂದೇ ತುಂಡು ರಾಗಿ. ಅದರಾಚೆ ಆನೆ ಕಂದಕ, ಕಂದಕದ ಆಚೆ ಕಾಡು. ಕೆಳಗಿನ ಮೂಲೆಯಲ್ಲಿ ಆನೆಗಳು ಹಾಯ್ದ ಜಾಗ ಚಾಪೆ ಹಾಸಿದ ಹಾಗೆ ನೆಲಕ್ಕೆ ಅಂಟಿತ್ತು. ಹೆಜ್ಜೆಗಳಲ್ಲಿ ತೆನೆಗಳು ಮಣ್ಣಿನೊಳಕ್ಕೆ ಹೂತಿದ್ದವು.

ಆ ಮೂಲೆಯನ್ನು ಶಾಂಭವಿ ನೋಡುತ್ತ ನಿಂತಿದ್ದನ್ನು ಕಂಡು ಚೆನ್ನಿ ಹತ್ತಿರ ಬಂದಳು. ತೆಳ್ಳಗಿನ, ಗಟ್ಟಿ ಮೈಯ ಹೆಂಗಸು. ಕೂಗಿ ಕೂಗಿ ದನಿ ಒಡೆದಿತ್ತು.

"ಬಿಸ್ಲಲ್ಲಿ ಯಾಕ್ ನಿಂತ್ರಿ ಅವ್ವ, ನೆಳ್ಳಿಗ್ ಬನ್ನಿ."

"ಚೆನ್ನಕ್ಕ, ನಿಮ್ಮ ಸರದಿ ಮೊದಲಿತ್ತು. ನಾನು ಬರೆದಿಟ್ಟ ಒಂದು ಮಾತಿನಿಂದ ಹಿಂದಕ್ಕೆ ಹೋಯ್ತು. ಈ ಮೂಲೆ ನಾನು ತುಳಿಸಿದ್ದು."

ಚೆನ್ನಿಗೆ ಅದು ಹೇಗೆ ಎಂದು ತಿಳಿಯಲಿಲ್ಲ. ಶಾಂಭವಿ ನಿಧಾನವಾಗಿ ಹೇಳಿದಳು: ಯಂತ್ರದಕ್ಕ ನಿಜವಾದ ಹೆಂಗಸಲ್ಲ, ಬರೆದಿಟ್ಟದ್ದನ್ನು ಓದಿ ನಡೆಯುತ್ತಾಳೆ, ಅವಸರ ಇಲ್ಲ ಅಂದವರನ್ನು ಹಿಂದಕ್ಕೆ ಹಾಕು ಅಂತ ತಾನು ಬರೆದಿದ್ದೆ ಎಂದು.

"ಅಂಗಾ?" ಅಂದಳು ಚೆನ್ನಿ. ಯೋಚನೆ ಮಾಡಿದಳು. "ನಾನು ಅವಳನ್ನ ಬೈಕೋತಿದ್ದೆ. ಆಗ್ಲಿ ಅಂತಾಳೆ, ಮಿಸನ್ ಮಾತ್ರ ಬರಾಕಿಲ್ಲ. ಯಾರೋ ದುಡ್ಡಿರೋರು ಅಡ್ಡ ಬಂದವ್ರೆ ಅಂದ್ಕೊಂಡೆ." ಮತ್ತೆ ಅಂದಳು, "ಆದ್ರೂ ಅವಳು ಅಂಗೆ ಕೇಳ್ಬಾರ್ದಿತ್ತು. ಅವಸ್ರ ಅದಾ ಅಂತ ಮೂತಿಗೆ ಕೇಳುದ್ರೆ ಯಾವ ಬಾಯಲ್ಲಿ ಊ ಅನ್ನದು? ಅಕ್ಕಪಕ್ಕದೋರ್ ತೆನೇನೂ ಒಣಗ್ತಿರ್ತದಲ್ಲ."

ಅಟ್ಟಣೆಯ ನೆರಳಲ್ಲಿ ಅವಳ ಅತ್ತೆ ಚಿಕ್ಕಬೀರಮ್ಮ ಕಾಲು ನೀಡಿ ಕೂತಿದ್ದಳು. ಯಂತ್ರದ ಕಡೆ ಕೈ ಮಾಡಿ ಸಿದ್ದರಾಜುವಿಗೆ ಕೂಗಿ ಹೇಳಿದಳು, "ಲೋ, ಅಂಚಲ್ಲಿ ಬುಡ್ಬ್ಯಾಡ ಕಣ್ಲಾ, ನುಣ್ಣುಗ್ ಕುಯ್ಯಿ! ನಿನ್ ಮದ್ವೇಲಿ ತಲೆ ಕ್ಷೌರ ಮಾಡ್ಸ್ದಂಗೆ!"

"ಮದ್ವೆ ಆಗಿ ಮಕ್ಳು ಇಸ್ಕೂಲಿಗ್ ಹೋಗ್ತಾವೆ ಕಣಜ್ಜಿ!"

"ಇನ್ನೊಂದ್ ಆಗೋ, ಯಂತ್ರ ಇಟ್ಕೊಂಡಿದ್ದೀ!"

ಮಧ್ಯಾಹ್ನದ ಹೊತ್ತಿಗೇ ಮೋಡ ಕಾಡಿನ ಮೇಲಿಂದ ಎದ್ದು ಬಂತು. ಹಾಡಿಯಲ್ಲಿ ಉಳಿದಿದ್ದ ಹೆಂಗಸರೆಲ್ಲ ಬಂದು ಚೀಲ ಹಿಡಿದರು. ಯಂತ್ರದ ಹೊಟ್ಟೆಯಿಂದ ರಾಗಿ ಸುರಿಯುತ್ತಿತ್ತು. ತುಂಬಿದ ಚೀಲವನ್ನು ಹೊತ್ತು, ಎಳೆದು, ಉರುಳಿಸಿ ಚೆನ್ನಿಯ ಮನೆಯ ತಗಡಿನ ಜಗುಲಿಗೆ ಹಾಕಿದರು. ಶಾಂಭವಿ ಸೀರೆ ಎತ್ತಿ ಸಿಕ್ಕಿಸಿ ತಾನೂ ಹೊತ್ತಳು. ಮೊದಲ ದಪ್ಪ ಹನಿಗಳು ಬಿದ್ದಾಗ ಕಂದಕದ ಪಕ್ಕದ ಒಂದು ಪಟ್ಟಿ ಇನ್ನೂ ಉಳಿದಿತ್ತು. ಸಿದ್ದರಾಜು ಇನ್ನೊಂದು ಸುತ್ತು ಹಾಕಿ ನೋಡಿದ, ಅಷ್ಟರಲ್ಲಿ ಮಳೆ ಬಲವಾಗಿ ಚಕ್ರ ಹೂತುಕೊಳ್ಳತೊಡಗಿತು. ಯಂತ್ರ ಮೇಲೆ ತಂದು ನಿಲ್ಲಿಸಿದ.

"ಅದೊಂದ್ ಪಟ್ಟಿ ಹೋಯ್ತಲ್ಲ," ಅಂದಳು ಶಾಂಭವಿ.

"ಅದು ಆನೆ ಪಾಲು ಬುಡಿ," ಅಂದಳು ಚೆನ್ನಿ. ಚೀಲಗಳ ಮೇಲೆ ಅಂಗೈ ಆಡಿಸುತ್ತ ಒಂದೊಂದನ್ನೂ ತಟ್ಟಿಕೊಂಡು ಹೋದಳು. ಒಣಗಿದ್ದವು.

ಮಳೆ ತಗಡಿನ ಮೇಲೆ ಕಟಕಟ ಹೊಡೆಯುತ್ತಿತ್ತು. ಹಾದಿ ಆಗಲೇ ಕೆಸರು, ಹೊರಡುವ ಹಾಗಿರಲಿಲ್ಲ. ಶಾಂಭವಿ ಚೀಲಕ್ಕೆ ಒರಗಿ ಕೂತು ಫೋನು ತೆಗೆದು ಬರೆಯತೊಡಗಿದಳು. ಈ ಸಲ ಚೊಕ್ಕವಾಗಿ ಬರೆಯಬೇಕೆಂಬ ಆಸೆ ಇರಲಿಲ್ಲ. ಹೊಸದಾಗಿ ಮನೆಗೆ ಬಂದ, ಬುದ್ಧಿವಂತಳೇ ಆದ, ಆದರೆ ಈ ಕಡೆಯ ನಡವಳಿಕೆ ಒಂದೂ ಅರಿಯದ ಹುಡುಗಿಯೊಬ್ಬಳು ಎದುರಿಗೆ ಕೂತಿದ್ದಾಳೆ ಎಂದುಕೊಂಡು ಬರೆದಳು.

"ಸರದಿ ಮುಂದೂಡು. ಇಂಥ ದಿನ ಬೇಡ ಎಂದು ರೈತರೇ ಕಾರಣ ಕೊಟ್ಟು ಕೇಳಿದಾಗ ಮಾತ್ರ ಇದನ್ನು ಬಳಸಿ. ತೆನೆ ಇನ್ನೂ ಹಸಿರಿದೆ ಎನ್ನಬಹುದು, ಮನೆಯಲ್ಲಿ ತಿಥಿ ಇದೆ ಎನ್ನಬಹುದು. ಅವಸರವಿಲ್ಲ, ನಿಧಾನಕ್ಕೆ ಬರಲಿ, ಬೇರೆಯವರದ್ದು ಮುಗಿಯಲಿ ಎಂಬ ಮಾತುಗಳಿಗೆ ಬಳಸಬೇಡಿ. ನಮ್ಮ ಕಡೆ ಅವು ಮರ್ಯಾದೆಗೆ ಆಡುವ ಮಾತುಗಳು. ಆಡಿದವರ ರಾಗಿ ಉದುರುತ್ತಿರಬಹುದು. ಅವಸರ ಇದೆಯೇ ಎಂದು ಯಾರನ್ನೂ ಕೇಳಬೇಡಿ. ರಾಗಿ ಹೇಗಿದೆ, ಕಾವಲಿಗೆ ಯಾರಿದ್ದಾರೆ ಎಂದು ಕೇಳಿ. ಅವರು ಹೇಳುವಷ್ಟು ಹೊತ್ತು ಕೇಳಿಸಿಕೊಳ್ಳಿ. ಮುಂದೂಡುವ ಮೊದಲು, ನಿಮ್ಮ ಸರದಿ ಇಂಥವರ ಹಿಂದಕ್ಕೆ ಹೋಗುತ್ತದೆ, ಯಂತ್ರ ಇಂಥ ದಿನದವರೆಗೆ ಬರುವುದಿಲ್ಲ, ಆಗಬಹುದೇ ಎಂದು ಬಿಡಿಸಿ ಹೇಳಿ. ಅನುಮಾನವಿದ್ದರೆ ಸರದಿ ಮುಟ್ಟದೆ ಆಫೀಸಿಗೆ ತಿಳಿಸಿ."

ಕಳಿಸಿದ ಸ್ವಲ್ಪ ಹೊತ್ತಿಗೆ ಸುಕನ್ಯ ಫೋನು ಮಾಡಿದಳು. ಮಳೆಯ ಸದ್ದಿಗೆ ಇಬ್ಬರೂ ಕೂಗಿಕೊಂಡೇ ಮಾತಾಡಿದರು.

"ಉದ್ದ ಆಯ್ತೇನ್ರೀ?"

"ಇರಲಿ ಮೇಡಂ, ಈಗ ಓದಿದ್ರೆ ನನಗೂ ಅರ್ಥ ಆಗ್ತಿದೆ. ಹಾಕಿ ಒಂದ್ಸಲ ಪರೀಕ್ಷೆ ಮಾಡಿದೆ. ನಾನೇ ರೈತ ಹೆಂಗಸಿನ ಹಾಗೆ ಅವಸರ ಇಲ್ಲ ಅಂದೆ. ‘ಸರಿ, ನಿಮ್ಮ ರಾಗಿ ಹೇಗಿದೆ?’ ಅಂತ ಕೇಳ್ತು. ನನಗೆ ಉತ್ತರ ಗೊತ್ತಿರಲಿಲ್ಲ!"

ಶಾಂಭವಿ ನಕ್ಕಳು. ಫೋನು ಮಡಿಲಲ್ಲಿ ಇಟ್ಟಳು. ಕಟ್ಟೆಮಳಲವಾಡಿಯಲ್ಲಿ ಇದೇ ಮಳೆ ಶಿವನಂಜಪ್ಪನವರ ಟಾರ್ಪಾಲಿನ ಮೇಲೂ ಬೀಳುತ್ತಿರುತ್ತದೆ, ಎಷ್ಟು ಕೊಯ್ದಿದ್ದರೋ ಎಷ್ಟು ಬಿಟ್ಟಿದ್ದರೋ. ಸಂಜೆ ಫೋನು ಮಾಡಿ ವಿಚಾರಿಸಬೇಕು. ಏನಾಗಿದ್ದರೂ ಪರವಾಗಿಲ್ಲ ಎಂದೇ ಹೇಳುತ್ತಾರೆ. ರಾಗಿ ಹೇಗಿದೆ ಎಂದು ಕೇಳಬೇಕು.

ಒಳಗಿನಿಂದ ಅವರೆಕಾಳಿನ ಸಾರಿನ ವಾಸನೆ ಬಂತು. ಚೆನ್ನಿ ಬಾಗಿಲಿಗೆ ಬಂದು "ಉಂಡೋಗಿ ಅವ್ವ" ಅಂದಳು.

ಶಾಂಭವಿ ಬೆಳಗಿನಿಂದ ಒಂದು ತೊಟ್ಟು ಕಾಫಿಯ ಮೇಲೆ ಇದ್ದಳು. "ಬ್ಯಾಡ ಕಣಕ್ಕ," ಎಂದಿತು ಅವಳ ಬಾಯಿ, "ಬರೋವಾಗ್ಲೇ ಉಂಡ್ಕೊಂಡ್ ಬಂದಿದೀನಿ. ನೀವ್ ಮೊದ್ಲು ಉಣ್ಣಿ, ನಂಗೇನ್ ಅವಸರ."

ಚೆನ್ನಿ ಆ ಮಾತನ್ನು ಕೇಳಿಸಿಕೊಂಡ ಹಾಗೆಯೇ ಕಾಣಲಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ ತಂದು, ಶಾಂಭವಿಯ ಮಡಿಲಿಂದ ಫೋನು ಎತ್ತಿ ಚೀಲದ ಮೇಲಿಟ್ಟು, ಅದೇ ಜಾಗದಲ್ಲಿ ತಟ್ಟೆ ಇಟ್ಟಳು. ಸಾರು ಹೊಯ್ದಳು.

ಆಚೆ ಮೂಲೆಯಲ್ಲಿ ಆಗಲೇ ಮುದ್ದೆ ಮುರಿಯುತ್ತಿದ್ದ ಸಿದ್ದರಾಜು ತಲೆ ಎತ್ತಿದ. "ಯಂತ್ರದಕ್ಕ ಆಗಿದ್ರೆ ಇಷ್ಟೊತ್ಗೆ ಪಾತ್ರೆ ತೊಳ್ದು ಮಗುಚಾಕ್ತಿದ್ಲು," ಅಂದ.

ಶಾಂಭವಿ ತಲೆ ಬಗ್ಗಿಸಿ ಉಂಡಳು. ಮುದ್ದೆ ಅರ್ಧವಾಗುವಷ್ಟರಲ್ಲಿ ಚೆನ್ನಿ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು.